ಮೇ ಒಂದರ ರಜೆ: ಕೇಳಿದವರು ಯಾರು, ಸಿಕ್ಕಿದ್ದು ಯಾರಿಗೆ?



ನಾನು ಇತಿಹಾಸ ಓದಿದವಳಲ್ಲ. ಓದಿದ್ದು ಎಂ.ಟೆಕ್., ಮಾಡುವುದು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ವೇದಿಕೆಯವರು ಕೇಳಿದಾಗ ಅಡುಗೆಯ ಬಗ್ಗೆಯೋ ಪ್ರವಾಸದ ಬಗ್ಗೆಯೋ ನಾಲ್ಕು ಮಾತು ಬರೆದು ಮುಗಿಸೋಣ ಅಂದುಕೊಂಡಿದ್ದೆ. ಆದರೆ ಒಂದು ವರ್ಷದಿಂದ ತಲೆಯಲ್ಲಿ ಕೂತಿರುವ ಪ್ರಶ್ನೆಯೊಂದು ಬಿಡಲಿಲ್ಲ. ಆ ಪ್ರಶ್ನೆ ಕೇಳಿದವರು ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಮಾವಶಿ.

ಕಳೆದ ವರ್ಷದ ಮೇ 1. ಪುಣೆಯಲ್ಲಿ ಆ ದಿನ ಎರಡು ಕಾರಣಕ್ಕೆ ರಜೆ. ಒಂದು ಮಹಾರಾಷ್ಟ್ರ ದಿನ, ಇನ್ನೊಂದು ಕಾಮಗಾರ ದಿನ. ನನಗೆ ರಜೆ, ನಮ್ಮ ಮನೆಯವರಿಗೆ ರಜೆ, ಮಗನಿಗೂ ರಜೆ. ಹೇಗೂ ಎಲ್ಲರೂ ಮನೆಯಲ್ಲಿದ್ದೇವೆ ಎಂದು ಎರಡು ಕುಟುಂಬಗಳನ್ನು ಊಟಕ್ಕೆ ಕರೆದಿದ್ದೆ. ಮಾವಶಿಗೆ ಹಿಂದಿನ ದಿನವೇ ಹೇಳಿದ್ದೆ: "ನಾಳೆ ಸ್ವಲ್ಪ ಲಗೂನ ಬರ್ರಿ, ಮಂದಿ ಊಟಕ್ಕ ಬರೋರಿದ್ದಾರ."

ಮಾವಶಿ ಕಲಬುರಗಿ ಜಿಲ್ಲೆಯ ಅಫಜಲಪುರ ಕಡೆಯವರು. ಇಪ್ಪತ್ತು ವರ್ಷಗಳ ಹಿಂದೆ ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದರು. ಗಂಡನ ಬೆನ್ನಿಗೆ ಪೆಟ್ಟಾದ ಮೇಲೆ ಮನೆಗೆಲಸ ಹಿಡಿದರು. ಈಗ ದಿನಕ್ಕೆ ಐದು ಮನೆ. ಮೊದಲ ಆರು ತಿಂಗಳು ನಾವಿಬ್ಬರೂ ಮುರುಕು ಮರಾಠಿಯಲ್ಲೇ ಮಾತಾಡುತ್ತಿದ್ದೆವು. ಒಂದು ದಿನ ಅವರು ಫೋನಿನಲ್ಲಿ ಮಗಳನ್ನು ಬೈಯುವುದು ಕಿವಿಗೆ ಬಿತ್ತು. ಅಪ್ಪಟ ನಮ್ಮ ಕಡೆಯ ಕನ್ನಡ! ಅಂದಿನಿಂದ ನಮ್ಮ ಮಾತಿನ ಭಾಷೆ ಬದಲಾಯಿತು, 'ಮಾವಶಿ' ಎಂದು ಕರೆಯುವ ಪುಣೆಯ ರೂಢಿ ಮಾತ್ರ ಹಾಗೇ ಉಳಿಯಿತು. ಈ ಲೇಖನದಲ್ಲಿ ನಿಮ್ಮ ಹೆಸರು ಬರೆಯಲೇ ಎಂದು ಕೇಳಿದೆ. "ಬ್ಯಾಡ್ರಿ, ಉಳಿದ ಮನಿಯವ್ರು ಓದಿದ್ರ ಏನಂತಾರ?" ಅಂದರು. ಹಾಗಾಗಿ ಹೆಸರು ಬರೆದಿಲ್ಲ.

ಅವತ್ತು ಕುಕ್ಕರ್ ತಿಕ್ಕುತ್ತಾ ಕೇಳಿದರು: "ಎಲ್ಲಾರೂ ಮನ್ಯಾಗ ಇದ್ದೀರಿ, ಇವತ್ತು ಏನ್ ಹಬ್ಬರೀ ಅಕ್ಕೋರೆ?"

"ಹಬ್ಬ ಅಲ್ಲ ಮಾವಶಿ, ಸೂಟಿ. ದುಡಿಯೋರ ದಿನ ಅಂತ ಸೂಟಿ ಕೊಡ್ತಾರ."

"ಹಂಗಂದ್ರ ನಾ ಯಾಕ ಬಂದೀನ್ರಿ?" ಎಂದು ನಕ್ಕರು. ನಾನೂ ನಕ್ಕೆ. ಅಲ್ಲಿಗೆ ಮಾತು ಮುಗಿಯಿತು.

ಮುಗಿಯಲಿಲ್ಲ. ರಾತ್ರಿ ನೆಂಟರೆಲ್ಲ ಹೋದ ಮೇಲೆ ಲ್ಯಾಪ್‌ಟಾಪ್ ತೆಗೆದೆ. ತಿಂಗಳ ಮೊದಲ ದಿನ ಮಾವಶಿಯ ಪಗಾರ ಲೆಕ್ಕ ಹಾಕುವುದು ನನ್ನ ಅಭ್ಯಾಸ. ಅದಕ್ಕೊಂದು ಎಕ್ಸೆಲ್ ಶೀಟ್ ಇಟ್ಟಿದ್ದೆ. ತಿಂಗಳಿಗೆ ಎರಡು ರಜೆ, ಅದಕ್ಕಿಂತ ಹೆಚ್ಚಾದರೆ ದಿನಕ್ಕೆ ಇಷ್ಟು ಕಡಿತ ಎಂದು ಫಾರ್ಮುಲಾ ಹಾಕಿದ್ದೆ. ಏಪ್ರಿಲ್‌ನಲ್ಲಿ ಮಗಳಿಗೆ ಜ್ವರ ಬಂದು ಅವರು ನಾಲ್ಕು ದಿನ ಬಂದಿರಲಿಲ್ಲ. ಶೀಟು ತಾನಾಗಿಯೇ ಎರಡು ದಿನದ ಹಣ ಕಳೆದು ಮೊತ್ತ ತೋರಿಸುತ್ತಿತ್ತು. ದುಡಿಯುವವರ ದಿನದಂದು ಸಂಬಳದ ರಜೆ ಅನುಭವಿಸುತ್ತಾ ಕೂತು ನಾನು ಇನ್ನೊಬ್ಬ ಹೆಂಗಸಿನ ಎರಡು ದಿನದ ಕೂಲಿ ಕಡಿಯುತ್ತಿದ್ದೆ.

ಆಫೀಸಿನಲ್ಲಿ ಏನಾದರೂ ತಪ್ಪಿದರೆ ಅದರ ಮೂಲ ಎಲ್ಲಿ ಎಂದು ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋಗುವುದೇ ನನ್ನ ಕೆಲಸ. ಅದೇ ಬುದ್ಧಿ ಇಲ್ಲೂ ಓಡಿತು. ನನಗೆ ಈ ರಜೆ ಕೊಟ್ಟವರು ಯಾರು? ಅದು ಮಾವಶಿಯವರೆಗೆ ಯಾಕೆ ಬರಲಿಲ್ಲ? ವರ್ಷವಿಡೀ ಬಿಡುವು ಸಿಕ್ಕಾಗ ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಶಿಕಾಗೋದಲ್ಲಿ ಹುಟ್ಟಿದ ದಿನ

ನಮ್ಮ ಪ್ರಾಜೆಕ್ಟಿನ ಗ್ರಾಹಕರು ಇರುವುದು ಅಮೆರಿಕದ ಶಿಕಾಗೋ ನಗರದಲ್ಲಿ. ಮೇ 1ರಂದು ಅವರಿಗೆ ರಜೆ ಇಲ್ಲ. ಹಾಗಾಗಿ ಪ್ರತಿ ವರ್ಷ ನಮ್ಮ ತಂಡದಲ್ಲಿ ಯಾರಾದರೂ ಒಬ್ಬರು ಆ ದಿನ ಫೋನ್ ಪಕ್ಕದಲ್ಲಿಟ್ಟುಕೊಂಡು ಕೂರಲೇಬೇಕು. ತಮಾಷೆಯೆಂದರೆ ಮೇ ದಿನ ಹುಟ್ಟಿದ್ದೇ ಶಿಕಾಗೋದಲ್ಲಿ.

1886ರ ಮೇ 1, ಶನಿವಾರ. ದಿನಕ್ಕೆ ಎಂಟು ಗಂಟೆ ಮಾತ್ರ ದುಡಿಮೆ ಎಂಬ ಬೇಡಿಕೆ ಇಟ್ಟು ಅಮೆರಿಕದ ಹಲವು ನಗರಗಳಲ್ಲಿ ಲಕ್ಷಾಂತರ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅದರ ಕೇಂದ್ರ ಶಿಕಾಗೋ. ಮೇ 3ರಂದು ಅಲ್ಲಿನ ಮೆಕಾರ್ಮಿಕ್ ಕಾರ್ಖಾನೆಯ ಎದುರು ಪೊಲೀಸರು ಗುಂಡು ಹಾರಿಸಿದರು. ಅದನ್ನು ಖಂಡಿಸಿ ಮರುದಿನ ಹೇಮಾರ್ಕೆಟ್ ಚೌಕದಲ್ಲಿ ಸಭೆ ಸೇರಿದಾಗ ಯಾರೋ ಬಾಂಬ್ ಎಸೆದರು. ಪೊಲೀಸರೂ ಸತ್ತರು, ಕಾರ್ಮಿಕರೂ ಸತ್ತರು. ಬಾಂಬ್ ಎಸೆದವರು ಯಾರೆಂದು ಕೊನೆಗೂ ಪತ್ತೆಯಾಗಲಿಲ್ಲ. ಆದರೂ ಎಂಟು ಮಂದಿ ಮುಖಂಡರ ಮೇಲೆ ಮೊಕದ್ದಮೆ ನಡೆದು, 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಿದರು. ಜೈಲಿನಲ್ಲಿ ಉಳಿದಿದ್ದ ಮೂವರಿಗೆ 1893ರಲ್ಲಿ ಅಲ್ಲಿನ ರಾಜ್ಯಪಾಲರೇ ಕ್ಷಮಾದಾನ ಕೊಟ್ಟರು.

ಗಲ್ಲಿಗೇರಿದವರಲ್ಲಿ ಒಬ್ಬರು ಆಲ್ಬರ್ಟ್ ಪಾರ್ಸನ್ಸ್. ಅವರ ಹೆಂಡತಿ ಲೂಸಿ ಪಾರ್ಸನ್ಸ್ ಬಟ್ಟೆ ಹೊಲಿದು ಸಂಸಾರ ಸಾಗಿಸುತ್ತಿದ್ದವರು, ಕಾರ್ಮಿಕ ಸಭೆಗಳಲ್ಲಿ ಗಂಡನಷ್ಟೇ ಗಟ್ಟಿಯಾಗಿ ಮಾತಾಡುತ್ತಿದ್ದವರು. ಗಂಡ ಹೋದ ಮೇಲೆ ಅವರು ಮನೆಯೊಳಗೆ ಕೂರಲಿಲ್ಲ. 1942ರಲ್ಲಿ ತೀರಿಕೊಳ್ಳುವವರೆಗೂ ಊರೂರು ಸುತ್ತಿ ಭಾಷಣ ಮಾಡಿದರು.

1889ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನ, ಮರುವರ್ಷದ ಮೇ 1ರಂದು ಎಲ್ಲ ದೇಶಗಳಲ್ಲೂ ಎಂಟು ಗಂಟೆಯ ಬೇಡಿಕೆಗಾಗಿ ಮೆರವಣಿಗೆ ನಡೆಸಬೇಕೆಂದು ನಿರ್ಧರಿಸಿತು. 1890ರ ಮೇ 1 ಹೀಗೆ ಜಗತ್ತಿನ ಮೊದಲ ಮೇ ದಿನವಾಯಿತು. ಅಮೆರಿಕ ಸರ್ಕಾರ ಮಾತ್ರ 1894ರಲ್ಲಿ ಸೆಪ್ಟೆಂಬರ್‌ನ ಮೊದಲ ಸೋಮವಾರವನ್ನು ಕಾರ್ಮಿಕರ ರಜೆಯೆಂದು ಕಾನೂನು ಮಾಡಿತು. ನಮ್ಮ ಗ್ರಾಹಕರು ಇಂದಿಗೂ ಆ ದಿನವೇ ರಜೆ ಹಾಕುವುದು.

ದಿನದ ಇಪ್ಪತ್ತನಾಲ್ಕು ಗಂಟೆಯನ್ನು ಮೂರು ಪಾಲು ಮಾಡಿ, ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ, ಉಳಿದ ಎಂಟು ಗಂಟೆ ನಮ್ಮದೇ ಎಂಬುದು ಆ ಚಳವಳಿಯ ಲೆಕ್ಕ. ಓದುವಾಗ ನನಗೆ ಮೊದಲು ಹೊಳೆದದ್ದು, ಈ ಲೆಕ್ಕದಲ್ಲಿ ಅಡುಗೆ ಎಲ್ಲಿದೆ ಎಂದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾರೆ. ಅಂಥ ಕೆಲಸ ಮಾಡುವ ಗಂಡಸರು 88 ನಿಮಿಷ. ಅಂದರೆ ಹೆಂಗಸಿನ ಮೂರನೆಯ ಪಾಲಿನಲ್ಲಿ ಹತ್ತಿರ ಹತ್ತಿರ ಐದು ಗಂಟೆ ಮೊದಲೇ ಖರ್ಚು. ಆ ಐದು ಗಂಟೆಯಲ್ಲಿ ಒಂದಿಷ್ಟನ್ನು ನನ್ನಂಥವರು ಮಾವಶಿಯಂಥವರಿಗೆ ಹಣ ಕೊಟ್ಟು ಒಪ್ಪಿಸುತ್ತೇವೆ. ಮಾವಶಿಗೆ ತನ್ನ ಮನೆಯ ಐದು ಗಂಟೆ ಬೇರೆ ಇದ್ದೇ ಇದೆ.

ಖಂಡೋಬನ ವಾರ, ಗಿರಣಿಯ ರಜೆ

ಮೇ ದಿನ ಪರದೇಶದಿಂದ ಬಂತು ಸರಿ. ನಮ್ಮಲ್ಲಿ ವಾರಕ್ಕೊಂದು ದಿನ ರಜೆ ಕೇಳಿದವರು ಯಾರು ಎಂದು ಹುಡುಕಿದಾಗ ಹೆಸರು ಸಿಕ್ಕಿದ್ದು ನಾವಿರುವ ಪುಣೆ ಜಿಲ್ಲೆಯಲ್ಲೇ. ನಾರಾಯಣ ಮೇಘಾಜಿ ಲೋಖಂಡೆ. ಮನೆತನದ ಊರು ಪುಣೆ ಜಿಲ್ಲೆಯ ಕನ್ಹೇರಸರ. ಹುಟ್ಟಿದ ವರ್ಷ 1848, ಅಂದರೆ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ವರ್ಷ. ಬಡತನದಿಂದ ಹೆಚ್ಚು ಓದಲಾಗದೆ ರೈಲ್ವೆಯಲ್ಲಿ, ಅಂಚೆ ಇಲಾಖೆಯಲ್ಲಿ ದುಡಿದು, ಆಮೇಲೆ ಮುಂಬೈಯ ಬಟ್ಟೆ ಗಿರಣಿಯಲ್ಲಿ ಸ್ಟೋರ್‌ಕೀಪರ್ ಆದರು. ಗಿರಣಿಯ ಒಳಗಿನ ಬದುಕನ್ನು ಅವರು ಕಣ್ಣಾರೆ ಕಂಡದ್ದು ಅಲ್ಲಿ.

ಆಗ ಗಿರಣಿಯಲ್ಲಿ ಕೆಲಸ ಶುರುವಾಗುವುದು ಹೊತ್ತು ಹುಟ್ಟಿದಾಗ, ನಿಲ್ಲುವುದು ಹೊತ್ತು ಮುಳುಗಿದಾಗ. ಬೇಸಿಗೆಯಲ್ಲಿ ಅದು ಹದಿಮೂರು, ಹದಿನಾಲ್ಕು ಗಂಟೆಯಾಗುತ್ತಿತ್ತು. ವಾರದ ರಜೆ ಎಂಬುದು ಇರಲಿಲ್ಲ. 1881ರಲ್ಲಿ ಬಂದ ಮೊದಲ ಕಾರ್ಖಾನೆ ಕಾಯ್ದೆ ಮಕ್ಕಳ ದುಡಿಮೆಗೆ ಒಂದಿಷ್ಟು ಮಿತಿ ಹಾಕಿತೇ ಹೊರತು ದೊಡ್ಡವರ ಗಂಟೆಗಳನ್ನು ಮುಟ್ಟಲಿಲ್ಲ.

ಫುಲೆಯವರ ಸತ್ಯಶೋಧಕ ಸಮಾಜದಲ್ಲಿ ಬೆಳೆದ ಲೋಖಂಡೆ, 'ದೀನಬಂಧು' ಪತ್ರಿಕೆಯ ಸಂಪಾದಕರಾದರು. ಈ ಪತ್ರಿಕೆಯನ್ನು 1877ರಲ್ಲಿ ಪುಣೆಯಲ್ಲಿ ಶುರು ಮಾಡಿದವರು ಕೃಷ್ಣರಾವ್ ಭಾಲೇಕರ್. 1880ರಲ್ಲಿ ಅದು ಲೋಖಂಡೆಯವರ ಕೈಗೆ ಬಂದು ಮುಂಬೈಯಿಂದ ಹೊರಬರತೊಡಗಿತು. 1884ರ ಸೆಪ್ಟೆಂಬರ್‌ನಲ್ಲಿ ಅವರು ಗಿರಣಿ ಕಾರ್ಮಿಕರ ಸಭೆ ಕರೆದರು. ಐದೂವರೆ ಸಾವಿರ ಕಾರ್ಮಿಕರ ಸಹಿಯೊಂದಿಗೆ ಮನವಿ ತಯಾರಾಯಿತು. ಕೇಳಿದ್ದು ಏನು? ವಾರಕ್ಕೆ ಒಂದು ದಿನ, ಭಾನುವಾರ, ಪೂರ್ಣ ರಜೆ. ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಬೆಳಿಗ್ಗೆ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ. ಮುಂದಿನ ತಿಂಗಳ ಹದಿನೈದರೊಳಗೆ ಸಂಬಳ. ಯಂತ್ರಕ್ಕೆ ಸಿಕ್ಕಿ ಗಾಯವಾದವರಿಗೆ ಪರಿಹಾರ. ಮಧ್ಯಾಹ್ನದ ಅರ್ಧ ಗಂಟೆಯನ್ನೂ ಒಂದು ಕಾಲಕ್ಕೆ ಬೇಡಿ ಪಡೆಯಬೇಕಾಗಿತ್ತು ಎಂಬುದು ನಮ್ಮ ಕ್ಯಾಂಟೀನಿನ ಟೇಬಲ್ಲಿನಲ್ಲಿ ಕೂತವರಿಗೆ ಹೇಗೆ ನೆನಪಾಗಬೇಕು!

ಭಾನುವಾರವೇ ಯಾಕೆ? ಬ್ರಿಟಿಷರಿಗೆ ಅದು ಚರ್ಚಿನ ದಿನ. ಲೋಖಂಡೆ ಹೇಳಿದ ಇನ್ನೊಂದು ಕಾರಣ, ಅದು ಖಂಡೋಬನ ವಾರ. ಗಿರಣಿಗೆ ಬಂದ ರೈತಾಪಿ ಜನರ ಕುಲದೈವ ಖಂಡೋಬ. ಅವನ ದೊಡ್ಡ ಕ್ಷೇತ್ರ ನಮ್ಮ ಪುಣೆ ಜಿಲ್ಲೆಯ ಜೇಜುರಿ. ಖಂಡೋಬ ನಮಗೇನು ಹೊರಗಿನವನೇ? ನಮ್ಮ ಮೈಲಾರಲಿಂಗನೇ ಇಲ್ಲಿನ ಖಂಡೋಬ. ಜೇಜುರಿಯ ಮೆಟ್ಟಿಲ ಮೇಲೆ ಭಂಡಾರ ತೂರುತ್ತಾ 'ಯೇಳಕೋಟ' ಎಂದು ಭಕ್ತರು ಕೂಗುವಾಗ ನಮ್ಮ ಮೈಲಾರದ, ದೇವರಗುಡ್ಡದ 'ಏಳುಕೋಟಿ'ಯೇ ಕೇಳಿಸುತ್ತದೆ.

ಇದನ್ನು ಓದಿದಾಗ ನನಗೆ ನಮ್ಮೂರು ನೆನಪಾಯಿತು. ವಿಜಯಪುರ ಜಿಲ್ಲೆಯ ನಮ್ಮ ಊರಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎಷ್ಟೇ ಬಿತ್ತನೆಯ ಅವಸರವಿದ್ದರೂ ನಮ್ಮ ಅಜ್ಜ ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಟ್ಟವರಲ್ಲ. ದುಡಿಯುವ ಜೀವಕ್ಕೆ ವಾರಕ್ಕೊಂದು ದಿನ ಬಿಡುವು ಬೇಕೆಂಬುದನ್ನು ನಮ್ಮ ಹಿರಿಯರು ದೇವರ ಹೆಸರಿನಲ್ಲಿ ಕಟ್ಟಿಟ್ಟಿದ್ದರು. ಲೋಖಂಡೆ ಮಾಡಿದ್ದೂ ಅದೇ. ಜನರಿಗೆ ಗೊತ್ತಿದ್ದ ಮಾತನ್ನೇ ಗಿರಣಿಯ ಬಾಗಿಲಿಗೆ ತಂದರು. ಆದರೆ ನಮ್ಮ ಮನೆಯಲ್ಲಿ ಸೋಮವಾರವೂ ನಸುಕಿನಲ್ಲೆದ್ದು ಒಲೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದ ಅಜ್ಜಿಗೆ ಯಾವ ದೇವರ ವಾರದಲ್ಲೂ ರಜೆ ಇದ್ದದ್ದು ನನಗೆ ನೆನಪಿಲ್ಲ.

1884ರ ಮನವಿಗೆ ಕೂಡಲೇ ಉತ್ತರ ಸಿಗಲಿಲ್ಲ. ಲೋಖಂಡೆ ಬಿಡಲಿಲ್ಲ, ಮತ್ತೆ ಮತ್ತೆ ಮನವಿ ಕೊಟ್ಟರು. 1890ರ ಏಪ್ರಿಲ್ 24ರಂದು ಮುಂಬೈಯಲ್ಲಿ ಸುಮಾರು ಹತ್ತು ಸಾವಿರ ಗಿರಣಿ ಕಾರ್ಮಿಕರ ದೊಡ್ಡ ಸಭೆ ಸೇರಿತು. ಯುರೋಪಿನಲ್ಲಿ ಮೊದಲ ಮೇ ದಿನದ ಮೆರವಣಿಗೆ ಹೊರಡಲು ಇನ್ನೂ ಒಂದು ವಾರವಿತ್ತು. ಆ ಸಭೆಯಲ್ಲಿ ಇಬ್ಬರು ಹೆಂಗಸರು ಎದ್ದು ನಿಂತು ಮಾತಾಡಿದರು.

ಈ ಒಂದು ವಾಕ್ಯದ ಹತ್ತಿರ ನಾನು ಬಹಳ ಹೊತ್ತು ನಿಂತೆ. 1890ರಲ್ಲಿ, ಹತ್ತು ಸಾವಿರ ಜನರ ಎದುರು, ಗಿರಣಿಯಲ್ಲಿ ದುಡಿಯುವ ಇಬ್ಬರು ಹೆಂಗಸರು! ಮನೆಯಲ್ಲಿ ಎಷ್ಟು ಮಾತು ಕೇಳಿ ಬಂದಿದ್ದರೋ, ಮರುದಿನ ಜಾಬರ್ ಕೆಲಸದಿಂದ ತೆಗೆದರೆ ಎಂಬ ಅಂಜಿಕೆ ಎಷ್ಟಿತ್ತೋ. ಚರಿತ್ರೆ ಅವರನ್ನು 'ಇಬ್ಬರು ಮಹಿಳೆಯರು' ಎಂದಷ್ಟೇ ನೆನಪಿಟ್ಟುಕೊಂಡಿದೆ. ಹೆಸರು ಬರೆಯಬೇಡಿ ಎಂದ ನಮ್ಮ ಮಾವಶಿ ಆಗ ಕಣ್ಣಮುಂದೆ ಬಂದರು.

ಒಂದೂವರೆ ತಿಂಗಳಲ್ಲಿ, 1890ರ ಜೂನ್ 10ರಂದು, ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷ, 1891ರ ಕಾರ್ಖಾನೆ ಕಾಯ್ದೆಯಲ್ಲಿ ವಾರದ ರಜೆ ಕಾನೂನಾಯಿತು. ಅದೇ ಕಾಯ್ದೆ ಹೆಂಗಸರ ದುಡಿಮೆಯನ್ನು ದಿನಕ್ಕೆ ಹನ್ನೊಂದು ಗಂಟೆಗೆ ಮಿತಿಗೊಳಿಸಿ, ನಡುವೆ ಒಂದೂವರೆ ಗಂಟೆ ಬಿಡುವು ಕೊಟ್ಟಿತು. ನಾವು ಇವತ್ತು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಏಳುವುದರ ಹಿಂದೆ ಇಷ್ಟು ಕಥೆಯಿದೆ.

ಲೋಖಂಡೆ 1897ರ ಫೆಬ್ರವರಿ 9ರಂದು ಪ್ಲೇಗಿಗೆ ಬಲಿಯಾದರು. ಪ್ಲೇಗಿನ ರೋಗಿಗಳ ಸೇವೆಗೆ ಇಳಿದಿದ್ದಾಗಲೇ ರೋಗ ಅವರನ್ನೂ ಹಿಡಿಯಿತು. ಸುಮಾರು ಒಂದು ತಿಂಗಳಿಗೆ, ಮಾರ್ಚ್ 10ರಂದು, ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರೂ ಹಾಗೆಯೇ ಹೋದರು. ಸಾವಿತ್ರಿಬಾಯಿ ನಮಗೆಲ್ಲ ಗೊತ್ತು. ಲೋಖಂಡೆಯವರ ನೆನಪಿಗೆ ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿ ತಂದಿದೆ. ಆದರೂ ನನ್ನ ಆಫೀಸಿನಲ್ಲಿ ಹತ್ತು ಜನರನ್ನು ಕೇಳಿದೆ, ಮರಾಠಿಯವರೂ ಸೇರಿ. ಒಬ್ಬರಿಗೆ ಮಾತ್ರ ಹೆಸರು ಗೊತ್ತಿತ್ತು.

ಎಂಟು ಗಂಟೆ ಬಂದದ್ದು ಮೆಟ್ಟಿಲು ಮೆಟ್ಟಿಲಾಗಿ

ಭಾರತದಲ್ಲಿ ಮೊದಲ ಮೇ ದಿನ ಆಚರಿಸಿದವರು ಮದ್ರಾಸಿನ ಸಿಂಗಾರವೇಲು ಚೆಟ್ಟಿಯಾರ್, 1923ರ ಮೇ 1ರಂದು. ಕಾರ್ಖಾನೆಯ ಗಂಟೆಗಳು ಮಾತ್ರ ನಿಧಾನವಾಗಿ ಇಳಿದವು. 1922ರ ಕಾಯ್ದೆಯಲ್ಲಿ ವಾರಕ್ಕೆ 60 ಗಂಟೆ. 1934ರಲ್ಲಿ 54. ಡಾ. ಅಂಬೇಡ್ಕರ್ ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ವಹಿಸಿದ್ದು 1942ರಿಂದ 1946ರವರೆಗೆ. ಅವರು ಮಂಡಿಸಿದ ತಿದ್ದುಪಡಿಯಿಂದ 1946ರಲ್ಲಿ 48 ಗಂಟೆ ಬಂತು. ಸ್ವಾತಂತ್ರ್ಯದ ನಂತರದ 1948ರ ಕಾರ್ಖಾನೆ ಕಾಯ್ದೆ ಅದನ್ನೇ ಉಳಿಸಿಕೊಂಡಿತು. ಶಿಕಾಗೋದ 1886ರಿಂದ ಎಣಿಸಿದರೆ ಅರವತ್ತು ವರ್ಷ.

ಹೆರಿಗೆ ರಜೆಯ ಮೂಲವೂ ಇದೇ ಪ್ರಾಂತದಲ್ಲಿದೆ. ದೇಶದ ಮೊದಲ ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1929ರಲ್ಲಿ, ಮುಂಬೈ ಪ್ರಾಂತದಲ್ಲಿ. ಅದಕ್ಕೂ ಮುಂಚೆ ಶಾಸನ ಸಭೆಯಲ್ಲಿ ಮಸೂದೆಯ ಪರವಾಗಿ ಮಾತಾಡಿದವರಲ್ಲಿ ಅಂಬೇಡ್ಕರ್ ಕೂಡ ಇದ್ದರು. 2017ರ ತಿದ್ದುಪಡಿಯಿಂದ ಅದು 26 ವಾರವಾಯಿತು. ನನ್ನ ಮಗ ಹುಟ್ಟಿದಾಗ ನಾನು ಆ 26 ವಾರವನ್ನೂ ಸಂಬಳದೊಂದಿಗೆ ಪಡೆದೆ. ಗಿರಣಿಯ ಹೆಂಗಸರು ಕೇಳದೆ ಹೋಗಿದ್ದರೆ ಹಿಂಜವಡಿಯಲ್ಲಿ ನನಗೆ ಅದು ಸಿಗುತ್ತಿರಲಿಲ್ಲ.

ಇನ್ನು ಮಹಾರಾಷ್ಟ್ರ ದಿನ. 1960ರ ಮೇ 1ರಂದು ದ್ವಿಭಾಷಾ ಮುಂಬೈ ರಾಜ್ಯ ಒಡೆದು ಮಹಾರಾಷ್ಟ್ರ, ಗುಜರಾತ್ ಎರಡೂ ಹುಟ್ಟಿದವು. ಅದಕ್ಕಾಗಿ ಹೋರಾಡಿದ ಸಂಯುಕ್ತ ಮಹಾರಾಷ್ಟ್ರ ಸಮಿತಿ 1956ರಲ್ಲಿ ಸ್ಥಾಪನೆಯಾದದ್ದು ನಮ್ಮ ಪುಣೆಯಲ್ಲೇ. ಮುಂಬೈಯ ಗಿರಣಿ ಕಾರ್ಮಿಕರು ಆ ಹೋರಾಟದ ಬೆನ್ನೆಲುಬಾಗಿದ್ದರು, ಪೊಲೀಸರ ಗುಂಡಿಗೆ ಜೀವ ಕೊಟ್ಟವರಲ್ಲೂ ಇದ್ದರು. ನವೆಂಬರ್ 1ರಂದು ರಾಜ್ಯೋತ್ಸವ ಆಚರಿಸುವ ನಮಗೆ ಇಲ್ಲಿನವರ ಮೇ 1ರ ಸಂಭ್ರಮ ಬೇಗ ಅರ್ಥವಾಗುತ್ತದೆ. ಆದರೆ ಹೊರೆ ಹೊತ್ತವರ ನೆನಪು ರಾಜ್ಯದ ಬಾವುಟದ ಹಿಂದೆ ಸ್ವಲ್ಪ ಮರೆಯಾಗುತ್ತದೆಯೇನೋ.

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ಜನವರಿ 26, ಆಗಸ್ಟ್ 15, ಅಕ್ಟೋಬರ್ 2ರ ಜೊತೆಗೆ ಮೇ 1 ಕೂಡ ಸಂಬಳ ಸಹಿತ ರಜೆ. ನಮ್ಮ ಕರ್ನಾಟಕದ 1963ರ ಕಾಯ್ದೆಯಲ್ಲೂ ಮೇ 1 ಮತ್ತು ನವೆಂಬರ್ 1 ಎರಡೂ ಇವೆ. ನನ್ನ ರಜೆಗೆ ಕಾನೂನಿನ ಆಸರೆ ಸಿಕ್ಕಿತು. ಮಾವಶಿಯ ರಜೆ ಇವುಗಳಲ್ಲಿ ಎಲ್ಲೂ ಇಲ್ಲ. ಯಾಕೆಂದರೆ ಈ ಕಾಯ್ದೆಗಳ ಲೆಕ್ಕದಲ್ಲಿ ಮನೆ ಎಂಬುದು 'ಸಂಸ್ಥೆ' ಅಲ್ಲ.

1980: ಪುಣೆಯ ಹೆಂಗಸರು ಪಾತ್ರೆ ಕೆಳಗಿಟ್ಟ ವರ್ಷ

ಹಾಗಾದರೆ ಮನೆಗೆಲಸದವರು ಎಂದೂ ರಜೆ ಕೇಳಲೇ ಇಲ್ಲವೇ? ಕೇಳಿದ್ದಾರೆ, ಅದೂ ಇದೇ ಪುಣೆಯಲ್ಲಿ. 1980ರಲ್ಲಿ ಇಲ್ಲಿ ಮನೆಗೆಲಸದ ಹೆಂಗಸೊಬ್ಬರು ಕಾಯಿಲೆ ಬಿದ್ದು ಕೆಲವು ದಿನ ಕೆಲಸಕ್ಕೆ ಹೋಗಲಿಲ್ಲ. ಮನೆಯವರು ಅವರನ್ನು ಕೆಲಸದಿಂದ ತೆಗೆದರು. ಎಲ್ಲ ಊರಲ್ಲೂ ಆಗುವಂಥದ್ದೇ. ಆದರೆ ಈ ಸಲ ಸುತ್ತಮುತ್ತ ದುಡಿಯುವ ಹೆಂಗಸರು ಸುಮ್ಮನಿರಲಿಲ್ಲ, ತಾವೂ ಕೆಲಸ ನಿಲ್ಲಿಸಿದರು. ಮುಷ್ಕರ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹರಡಿತು. ಮೊದಲಿಗೆ ಅವರ ಹಿಂದೆ ಯಾವ ಪಕ್ಷವೂ ಇರಲಿಲ್ಲ, ಸಂಘವೂ ಇರಲಿಲ್ಲ. ಆ ಕಿಡಿಯಿಂದ ಹುಟ್ಟಿದ್ದು 'ಪುಣೆ ಶಹರ ಮೋಲಕರೀಣ ಸಂಘಟನಾ'. ಮೋಲಕರೀಣ ಅಂದರೆ ಮರಾಠಿಯಲ್ಲಿ ಕೆಲಸದಾಕೆ.

ಅವರು ಕೇಳಿದ್ದೂ ಲೋಖಂಡೆಯವರ ಪಟ್ಟಿಯಂತೆಯೇ ಇತ್ತು. ಸಂಬಳ ಹೆಚ್ಚಿಸಿ. ಸಂಬಳ ಕಡಿಯದೆ ರಜೆ ಕೊಡಿ. ದೀಪಾವಳಿಗೆ ಬೋನಸ್ ಕೊಡಿ. ಇವತ್ತು ಪುಣೆಯಲ್ಲಿ ದೀಪಾವಳಿಗೆ ಕೆಲಸದವರಿಗೆ ಬೋನಸ್ ಕೊಡುವುದನ್ನು ನಾವು ನಮ್ಮ ಧಾರಾಳತನ ಅಂದುಕೊಳ್ಳುತ್ತೇವೆ. ನಾನೂ ಹಾಗೇ ತಿಳಿದಿದ್ದೆ. ಅದನ್ನು ಕೇಳುವುದಕ್ಕಾಗಿ ಈ ಊರಿನ ಹೆಂಗಸರು ಬೀದಿಗಿಳಿದಿದ್ದರು ಎಂಬುದು ಓದಿದ ಮೇಲೆಯೇ ತಿಳಿದದ್ದು.

ಹೆಂಗಸರು ತಾವೇ ಎದ್ದು ನಿಂತದ್ದಕ್ಕೆ ನಮ್ಮ ಕರ್ನಾಟಕದಲ್ಲೂ ಉದಾಹರಣೆ ಇದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಬಂದದ್ದು ನಿಮಗೆ ನೆನಪಿರಬಹುದು. ಪಿ.ಎಫ್. ಹಣ ತೆಗೆಯಲು ಕೇಂದ್ರ ಸರ್ಕಾರ ಹಾಕಿದ್ದ ಹೊಸ ನಿರ್ಬಂಧ ಅವರನ್ನು ಕೆಣಕಿತ್ತು. ಎರಡೇ ದಿನದಲ್ಲಿ, ಏಪ್ರಿಲ್ 19ರಂದು, ಸರ್ಕಾರ ಆ ಆದೇಶ ಹಿಂದಕ್ಕೆ ಪಡೆಯಿತು. ಆ ಬದಲಾವಣೆಯ ಲಾಭ ನನ್ನ ಪಿ.ಎಫ್. ಖಾತೆಗೂ ಸಿಕ್ಕಿತು. ನಾವು ಐ.ಟಿ.ಯವರು ಆ ಎರಡು ದಿನ ಟ್ರಾಫಿಕ್ ಜಾಮ್ ಎಂದು ಬೈದುಕೊಂಡೆವು.

ಕಾನೂನು ಒಂದೊಂದೇ ಹೆಜ್ಜೆ ಇಟ್ಟಿದೆ. ಕರ್ನಾಟಕ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿತು. ಮಹಾರಾಷ್ಟ್ರ 2008ರಲ್ಲಿ ಅವರಿಗಾಗಿ ಕಲ್ಯಾಣ ಮಂಡಳಿಯ ಕಾಯ್ದೆ ತಂದಿತು. ಹೆಸರು ನೋಂದಾಯಿಸಿದವರಿಗೆ ಕೆಲವು ನೆರವು ಇದೆ, ಆದರೆ ವಾರದ ರಜೆಯ ಮಾತು ಅದರಲ್ಲಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮಾತ್ರ ಮನೆಯನ್ನೂ ಕೆಲಸದ ಸ್ಥಳವೆಂದು ಸ್ಪಷ್ಟವಾಗಿ ಒಪ್ಪಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರ ಜೂನ್ 16ರಂದು ಅಂಗೀಕರಿಸಿದ 189ನೇ ಒಪ್ಪಂದ, ಮನೆಗೆಲಸದವರಿಗೆ ವಾರಕ್ಕೆ ಕನಿಷ್ಠ 24 ಗಂಟೆ ಸತತ ಬಿಡುವು ಬೇಕು ಎನ್ನುತ್ತದೆ. ಭಾರತ ಅದರ ಪರವಾಗಿ ಮತ ಹಾಕಿತು, ಆದರೆ ತಾನು ಅದಕ್ಕೆ ಬದ್ಧವೆಂದು ಅನುಮೋದಿಸಿಲ್ಲ. ನಮ್ಮ ಮನೆಗಳ ಹಾಗೆಯೇ. ತತ್ವಕ್ಕೆ ಒಪ್ಪಿಗೆ ಇದೆ, ಶೀಟಿನಲ್ಲಿ ಕಡಿತವೂ ಇದೆ.

ಮತ್ತೆ ಅಡುಗೆಮನೆಗೆ

ಆ ಮೇ ತಿಂಗಳಲ್ಲಿ ಕಡಿದ ಎರಡು ದಿನದ ಹಣ ವಾಪಸ್ ಕೊಟ್ಟೆ. ಭಾನುವಾರ ಬರುವುದು ಬೇಡ, ಪಗಾರ ಕಡಿಯುವುದಿಲ್ಲ ಎಂದೆ. ಮೊದಲ ಭಾನುವಾರ ಸಿಂಕ್ ತುಂಬಾ ಪಾತ್ರೆ ನೋಡಿ ನಮ್ಮ ಮನೆಯವರೂ ನಾನೂ ಮುಖ ಮುಖ ನೋಡಿಕೊಂಡೆವು. ಈಗ ಅವರು ತೊಳೆಯುತ್ತಾರೆ, ನಾನು ಒರೆಸುತ್ತೇನೆ, ಮಗ ಚಮಚ ಜೋಡಿಸುತ್ತಾನೆ. ದೊಡ್ಡ ಸಾಧನೆಯೇನಲ್ಲ.

ಒಂದು ತಿಂಗಳಾದ ಮೇಲೆ ಕೇಳಿದೆ: "ಐತಾರ ಆರಾಮ ಆತೇನ್ರಿ ಮಾವಶಿ?"

"ಎಲ್ಲಿ ಆರಾಮರೀ, ಉಳಿದ ನಾಕು ಮನಿಗಿ ಹೋಗೂದು ತಪ್ಪಿಲ್ಲಲ್ಲ."

ನನಗೆ ಆಗ ಲೋಖಂಡೆ ಸರಿಯಾಗಿ ಅರ್ಥವಾದರು. ಒಂದು ಗಿರಣಿ ಬಾಗಿಲು ಮುಚ್ಚಿ ಉಳಿದವು ತೆರೆದಿದ್ದರೆ ಅದು ರಜೆಯಾಗುವುದಿಲ್ಲ. ಅದಕ್ಕೇ ಅವರು ಐದೂವರೆ ಸಾವಿರ ಸಹಿ ಕೂಡಿಸಿದ್ದು. ಒಬ್ಬಳ ಒಳ್ಳೆಯತನ ಒಂದು ಮನೆಯ ಸಿಂಕಿನವರೆಗೆ ಮಾತ್ರ ಸಾಗುತ್ತದೆ.

ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಈ ಮಾತು ಎತ್ತಿದೆ. "ನೀವು ಕೊಟ್ಟರೆ ನಮ್ಮವರೂ ಕೇಳುತ್ತಾರೆ" ಎಂದು ಒಬ್ಬರು ಬರೆದರು. ಹೌದು, ಕೇಳಲಿ ಎಂದೇ ಅಲ್ಲವೇ? ಒಬ್ಬರು ಮುನಿಸಿಕೊಂಡು ನನ್ನ ಜೊತೆ ಲಿಫ್ಟಿನಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಾರೆ. ಮಾವಶಿ ಹೋಗುವ ಇನ್ನು ನಾಲ್ಕು ಮನೆಗಳ ಬಾಗಿಲನ್ನೂ ಒಂದೊಂದಾಗಿ ತಟ್ಟಿದೆ. ಇಬ್ಬರು ತಕ್ಷಣ ಒಪ್ಪಿದರು. ಒಬ್ಬರು ದೀಪಾವಳಿಯ ನಂತರ ಒಪ್ಪಿದರು. ಕೊನೆಯವರು ತಿಂಗಳಿಗೆ ಎರಡು ಭಾನುವಾರ ಮಾತ್ರ ಎಂದರು. ಹಾಗಾಗಿ ಈಗ ಮಾವಶಿಗೆ ತಿಂಗಳಲ್ಲಿ ಎರಡು ಭಾನುವಾರ ಪೂರ್ತಿ ಅವರದೇ.

ಕನ್ನಡಿಗರಾದ ನಾವು ಕಾಯಕದ ಮಾತನ್ನು ಹೆಮ್ಮೆಯಿಂದ ಹೇಳುತ್ತೇವೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ಬೇಡ ಎಂದು ಅದನ್ನು ವಾಪಸ್ ಸುರಿಯಲು ಹೇಳಿದವಳು ಅವನ ಹೆಂಡತಿ ಲಕ್ಕಮ್ಮ. ದುಡಿಮೆಗೆ ಗೌರವ ಮತ್ತು ಹೆಚ್ಚಿಗೆ ಬಾಚಿಕೊಳ್ಳದ ಹದ, ಎರಡನ್ನೂ ಹೇಳಿಕೊಟ್ಟದ್ದು ಒಬ್ಬ ದುಡಿಯುವ ಹೆಂಗಸು. ಇನ್ನೊಬ್ಬರ ಭಾನುವಾರವೂ ನಾವು ಬಾಚಿಕೊಂಡ ಹೆಚ್ಚಿನ ಅಕ್ಕಿಯೇ ಇರಬಹುದು.

ಮಹಿಳಾ ವೇದಿಕೆಯ ಗೆಳತಿಯರಲ್ಲಿ ನನ್ನದೊಂದು ವಿನಂತಿ. ಈ ಸಲದ ಮೇ 1ರಂದು ನಮ್ಮ ನಮ್ಮ ಮನೆಗಳಲ್ಲಿ ದುಡಿಯುವವರಿಗೆ ಸಂಬಳ ಸಹಿತ ರಜೆ ಕೊಡೋಣ. ನಮ್ಮ ಸಂಘದ ಅಷ್ಟೂ ಕುಟುಂಬಗಳು ಒಟ್ಟಿಗೆ ಕೊಟ್ಟರೆ ಅದು ಒಂದು ಮನೆಯ ಸುದ್ದಿಯಾಗಿ ಉಳಿಯುವುದಿಲ್ಲ. ಆಮೇಲೆ ವಾರದ ರಜೆಯ ಬಗ್ಗೆ ಕೂತು ಮಾತಾಡೋಣ. ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಫಾರ್ಮ್ ತುಂಬುವುದು ಅವರಿಗೆ ಕಷ್ಟ, ನಮಗೆ ಹತ್ತು ನಿಮಿಷದ ಕೆಲಸ. ಅದನ್ನಾದರೂ ಮಾಡಿಕೊಡೋಣ.

ಕಳೆದ ತಿಂಗಳ ಒಂದು ಸೋಮವಾರ ಮಾವಶಿ ಬಂದವರೇ ಸೆರಗಿನ ಗಂಟು ಬಿಚ್ಚಿ ಸಣ್ಣ ಪೊಟ್ಟಣವೊಂದನ್ನು ನನ್ನ ಕೈಗಿಟ್ಟರು. ಭಾನುವಾರ ಗಂಡ, ಮಗಳ ಜೊತೆ ಜೇಜುರಿಗೆ ಹೋಗಿದ್ದರಂತೆ. ಪುಣೆಗೆ ಬಂದು ಇಪ್ಪತ್ತು ವರ್ಷವಾದರೂ ಅದೇ ಮೊದಲ ಸಲ. ಪೊಟ್ಟಣದಲ್ಲಿ ಖಂಡೋಬನ ಭಂಡಾರ ಇತ್ತು. "ಹಚ್ಚಿಕೊಳ್ರಿ ಅಕ್ಕೋರೆ" ಎಂದು ಹೇಳಿ ಪಾತ್ರೆ ತೊಳೆಯಲು ಹೋದರು.